ಟ್ಯೂಬ್ ಪ್ರೀಆಂಪ್‌ನ ಕಳೆದುಹೋದ ಬೇಸ್

"ಬೇಸೇ ಇಲ್ಲಲ್ರೀ!"

ವೆಸ್ಟ್‌ಮಂಟ್‌ನ ಜಯದೇವಿ ಆಂಟಿಯ ಮನೆಯಲ್ಲಿ, ಔತಣಕ್ಕೆ ಬಂದಿದ್ದ ಅಷ್ಟೂ ಜನರೆದುರು, ಈರೇಶ್ ಲತಾಶ್ರೀಗೆ ಎದುರಾಬದುರಾಗಿ ಹೇಳಿದ ಮೊದಲ ಮಾತು ಇದು!

ತಿಂಗಳುಗಟ್ಟಲೆ ಫೋನಿನಲ್ಲೇ ಮಾತಾಡಿಕೊಂಡವರು. ಇಲ್ಲಿ ಅವಳು ಹಾಡಿನ ಸಣ್ಣ ಸಿಗ್ನಲ್ ಹಿಗ್ಗಿಸುವ ಟ್ಯೂಬ್ ಪ್ರೀಆಂಪ್ ಕಟ್ಟಿದರೆ, ಅತ್ತ ಮಿಷಿಗನ್ನಿನ ವಿಕ್ಸಮ್‌ನಲ್ಲಿ ಅವನು ಹೆಡ್‌ಫೋನ್ ಆಂಪ್ ಕಟ್ಟಿದ್ದ. ಎರಡನ್ನೂ ಜೋಡಿಸಿ ಕೇಳೋಣವೆಂದು ಬಂದಿದ್ದ. ಅವಳೋ, ಅವನಿಗಿಷ್ಟವಾದ ಹಸಿರು ಬಣ್ಣದ ಚೂಡಿದಾರ್ ಹಾಕಿಕೊಂಡು ಕಾದಿದ್ದಳು. ಜೋಡಿಸಿದರೆ ತಗ್ಗಿನ ದನಿಯೆಲ್ಲ ಮಾಯವಾಗಿ ತಬಲಾ ಡಬ್ಬಿ ಬಡಿದ ಹಾಗೆ ಕೇಳಿಸಿತು.

"ನಿಮ್ಮ ಆಂಪೇ ಸರಿಯಿಲ್ಲ!" ಎಂದು ವೈರ್ ಕಿತ್ತುಕೊಂಡು ಹೊರಟೇಬಿಟ್ಟಳು. ಅವನ ಮೆಸೇಜ್‌ಗಳಿಗೂ ಉತ್ತರಿಸಲಿಲ್ಲ. ಕೊನೆಗೆ ಮೆಸೇಜ್ ಬರುವುದೂ ನಿಂತಿತು.

ನಿಂತ ಮೇಲೆ ತಾನೇ ಅವನು ನೆನಪಾಗಿ ಪ್ರೀಆಂಪ್ ಮತ್ತೆ ಹೊರತೆಗೆದಿದ್ದು!

ತನ್ನ ಮನೆಯ ಸ್ಪೀಕರ್ ಆಂಪ್‌ಗೆ ಜೋಡಿಸಿದರೆ ಬೇಸ್ ತುಂಬಿಕೊಂಡು ಬಂತು. 'ನೋಡು, ನನ್ನದು ಸರಿಯಾಗೇ ಇದೆ!' ಗೆದ್ದ ಖುಷಿ ಅರೆಗಳಿಗೆ ಮಾತ್ರ. 'ಹಾಗಾದರೆ... ಅವನದೂ ಸರಿಯಾಗೇ ಇರಬಹುದಲ್ವಾ?'

ಇತ್ತು. ಲೆಕ್ಕ ಹಾಕಿದಾಗ ತಿಳಿಯಿತು: ಅವಳ ಪ್ರೀಆಂಪ್‌ನ ಔಟ್‌ಪುಟ್ ಇಂಪೀಡೆನ್ಸ್, ಅಂದರೆ ವಿದ್ಯುತ್ ತಡೆ, ಜಾಸ್ತಿ; ಅವನ ಆಂಪ್‌ನ ಇನ್‌ಪುಟ್ ಇಂಪೀಡೆನ್ಸ್ ಕಡಿಮೆ. ಆ ಭಾರ ಎಳೆಯಲಾರದೆ ಬೇಸ್ ನಡುವೆಯೇ ಸೋರಿಹೋಗಿತ್ತು. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವಳಿಗೆ ಅವತ್ತು ಅದು ಹೊಳೆಯುವುದು ಹೇಗೆ!

ಲತಾಶ್ರೀ ಔಟ್‌ಪುಟ್‌ಗೆ ಆ ಭಾರ ಹೊರಬಲ್ಲ ಒಂದು ಬಫರ್ ಸರ್ಕ್ಯೂಟ್ ಸೇರಿಸಿದಳು. ಶನಿವಾರ ಬೆಳಿಗ್ಗೆ ಪ್ರೀಆಂಪ್‌ಗೂ ಸೀಟ್‌ಬೆಲ್ಟ್ ಹಾಕಿ ವಿಕ್ಸಮ್‌ಗೆ ಹೊರಟಳು. ದಾರಿಯುದ್ದಕ್ಕೂ ಒಂದೇ ದಿಗಿಲು... ಅವನು ಬಾಗಿಲೇ ತೆಗೆಯದಿದ್ದರೆ?

ತೆಗೆದ. ಕೈಯಲ್ಲಿ ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್!

"ನಿಮ್ಮದು ಎಷ್ಟು ಚಂದ ಕಟ್ಟೀರಿ... ಅದನ್ನ ಯಾಕ ಮುಟ್ಟಬೇಕು ಅಂತ ನನ್ನ ಇನ್‌ಪುಟ್ಟೇ ಬದಲಿ ಮಾಡಾಕತ್ತಿದ್ದೆ. ಮುಗಿದ ಮ್ಯಾಲೆ ಮೆಸೇಜ್ ಮಾಡೋಣಂತ..."

"ನಾನೂ ನನ್ನದನ್ನ ಬದಲಾಯಿಸ್ಕೊಂಡು ಬಂದೆ... ಸಾರಿ, ಈರೇಶ್."

ಜೋಡಿಸಿದರು. ಅವಳು ಹೆಡ್‌ಫೋನ್ ಹಾಕಿಕೊಂಡಳು. ತಬಲಾದ ಎಡಗೈ ಪೆಟ್ಟು ಧುಂ ಎಂದು ಎದೆಗೇ ಇಳಿಯಿತು! ಕಣ್ಣು ಅರೆಮುಚ್ಚಿತು. ಬೆರಳು ಪ್ರೀಆಂಪ್‌ನ ವಾಲ್ಯೂಮ್ ಮೇಲಿತ್ತು.

ಅವಳಿಗೆ ಕೇಳಿಸುವುದಿಲ್ಲವೆಂಬ ಧೈರ್ಯದಲ್ಲಿ ಅವನು ಮೆಲ್ಲಗೆ ಹೇಳಿದ. "ಅವತ್ತು ದಾರಿ ತುಂಬಾ ಒಂದ ಮಾತು ಪ್ರಾಕ್ಟೀಸ್ ಮಾಡಿದ್ದೆ. ನಿಮ್ಮನ್ನ ನೋಡಿದ್ದೇ ತಡ, ಗಾಬರಿಗೆ ಅದು ಮರತೇ ಹೋತು, ಹಾಡು ಕೇಳಿದ ಮ್ಯಾಲೆ ಬಾಯಾಗ ಬೇಸ್ ಅಂತ ಬಂತು... ನಾ ನಿಮ್ಮನ್ನ ಭಾಳ ಪ್ರೀತಿಸ್ತೀನ್ರೀ."

ಅವಳು ಕಣ್ಣು ತೆರೆದಳು. "ಏನಂದ್ರಿ?"

"ಏನಿಲ್ರೀ... ಬೇಸ್ ಚಲೋ ಐತಿ ಅಂದೆ."

"ಸುಳ್ಳು! ನೀವು ಬಾಯಿ ತೆಗೆಯೋದು ಕಂಡಾಗಲೇ ವಾಲ್ಯೂಮ್ ಸೊನ್ನೆ ಮಾಡಿದ್ದೆ."

ಈರೇಶನ ಕಿವಿಯೆರಡೂ ಕೆಂಪಾದವು. "ಹಂಗಾದ್ರ... ಉತ್ತರಾ?"

"ಈ ಪ್ರೀಆಂಪ್ ಇನ್ನು ಇಲ್ಲೇ ಇರಲಿ."

"ಮತ್ತ ನೀವು?"

"ಅದನ್ನ ಬಿಟ್ಟು ನಾನಿರ್ತೀನಾ?"