ಚೀಟಿಯ ಹಿಂದಿನ ಮಾತು

"ತಪ್ಪು! ಆ ಮಾತು ಅವರು ಹೇಳೇ ಇಲ್ಲ!"

ಹೊಸಪೇಟೆಯ ವಾಚನಾಲಯದಲ್ಲಿ ಕುಳಿತಿದ್ದವರೆಲ್ಲ ತಿರುಗಿ ನೋಡಿದರು. ಹಿಂದಿನ ಸಾಲಿನಲ್ಲಿ ಎದ್ದು ನಿಂತಿದ್ದವಳು ರೇಣುಕಾದೇವಿ. ಪುಸ್ತಕ ಕೊಟ್ಟು ತೆಗೆದುಕೊಳ್ಳುವ ಕೆಲಸ ಅಲ್ಲಿ ಅವಳದು.

ಪ್ರತಿ ಭಾನುವಾರ ಮಧ್ಯಾಹ್ನ ಅಲ್ಲಿ 'ಯಾರ ಮಾತು?' ಆಟ. ಒಬ್ಬರು ಚೀಟಿ ನೋಡಿ ದೊಡ್ಡವರ ಮಾತೊಂದನ್ನು ಓದಬೇಕು, ಉಳಿದವರು ಅದು ಯಾರು ಹೇಳಿದ್ದೆಂದು ಹೇಳಬೇಕು. ಅವತ್ತು ಚೀಟಿ ಓದುತ್ತಿದ್ದವನು ಮೊದಲ ಸಲ ಬಂದಿದ್ದ ಹಂಪೇಶ್, ಸಂಡೂರಿನ ಗಣಿ ಕಂಪನಿಯೊಂದರ ಗುಮಾಸ್ತ.

"ಎಲ್ಲಾ ಕಡಿ ಅವರ ಹೆಸರೇ ಐತಲ್ರೀ ಮೇಡಂ. ವಾಟ್ಸಾಪಿನ್ಯಾಗ, ಸಾಲಿ ಗೋಡಿ ಮ್ಯಾಲ..."

"ಗೋಡಿ ಮ್ಯಾಲ ಬರೆದ್ರ ಖರೇ ಆಗ್ತದೇನ್ರಿ? ಅವರು ಬರೆದಿದ್ದರಾಗ ಎಲ್ಲೂ ಇಲ್ಲ, ನಾ ಹುಡುಕೀನಿ. ಸತ್ತೋರ ಹೆಸರಿಗೆ ಮಾತು ಅಂಟಿಸೋದು ಭಾಳ ಸಸ್ತಾ ಆಗೇತಿ!"

ಒಂದು ಚೀಟಿಗೆ ಇಷ್ಟು ಸಿಟ್ಟೇ ಎಂದು ಪಕ್ಕದವರಿಗೇ ಆಶ್ಚರ್ಯ!

ಹಂಪೇಶ್ ಮಾತ್ರ ನಕ್ಕು ಕೈ ಮುಗಿದ. "ಆತ್ರಿ, ತಪ್ಪು ನಂದೇ. ಪಾಯಿಂಟ್ ನಿಮ್ದು. ಹೆಸರು ಹೇಳ್ರಿ, ಬರ್ಕೋತೀನಿ."

"ರೇಣುಕಾದೇವಿ. ಗಾದಿಗನೂರಿನ ಹುಸೇನಪ್ಪನ ಮಗಳು."

ಅವನ ಪೆನ್ನು ನಿಂತಿತು. ನಗು ಹಾಗೇ ಆರಿತು.

'ಇವನಿಗೂ ಗೊತ್ತು... ಕುಡಿದು ಸತ್ತವನ ಮಗಳು ಅಂತ ಇವನೂ ಅಂದುಕೊಂಡ!' ಅವಳು ಮುಖ ತಿರುಗಿಸಿ ಕುಳಿತುಬಿಟ್ಟಳು.

ಆಗಿದ್ದಿಷ್ಟು. ಎರಡು ವರ್ಷದ ಹಿಂದೆ, ಹಂಪೇಶ್ ಇದ್ದ ಅದೇ ಕಂಪನಿಯ ಗಣಿಯಲ್ಲಿ, ಹಿಂದಕ್ಕೆ ಬರುತ್ತಿದ್ದ ಟಿಪ್ಪರ್ ಹುಸೇನಪ್ಪನ ಮೇಲೆ ಹಾಯಿತು. ಆಸ್ಪತ್ರೆಯಲ್ಲಿ ಎರಡು ದಿನ ಜೀವ ಹಿಡಿದುಕೊಂಡಿದ್ದು ಹೋಗಿಬಿಟ್ಟ. ಕುಡಿದು ಗಾಡಿಗೆ ಅಡ್ಡ ಬಂದ ಎಂದು ವಿಚಾರಣೆ ಮುಗಿಯಿತು. ಜನ್ಮದಲ್ಲಿ ಒಂದು ಹನಿ ಮುಟ್ಟದ ಮನುಷ್ಯ ರೀ ಅವನು! ಊರಿಗೆ ಅದೆಲ್ಲ ಬೇಕೇ? ನಲ್ಲಿಯ ಹತ್ತಿರ ಹೆಂಡತಿ ಸುಂಕಲಮ್ಮ ಬಂದರೆ 'ಕುಡುಕನ ಹೆಂಡ್ತಿ' ಎಂದು ಪಿಸುಮಾತು. ಮಗಳನ್ನು ನೋಡಲು ಬಂದ ಗಂಡುಗಳೂ ಹಾಗೇ ತಿರುಗಿ ಹೋದವು.

ರೇಣುಕಾಗೆ ಬೇಕಾಗಿದ್ದು ಒಂದೇ. ಅಪ್ಪನ ಹೆಸರಿಗೆ ಹತ್ತಿದ ಆ ಮಸಿ ಹೋಗಬೇಕು. ಆ ಸುಳ್ಳು ಹೇಳಿದವರು ಯಾರೆಂದು ಗೊತ್ತಾಗಬೇಕು!

ಹಂಪೇಶ್ ಮುಂದಿನ ಭಾನುವಾರವೂ ಬಂದ. ಅದರ ಮುಂದಿನದೂ. ಬರುವಾಗ ಹೊಸ ಚೀಟಿಗಳ ಕಟ್ಟು ತರುತ್ತಿದ್ದ, ಅವಳು ಒಂದೊಂದನ್ನೂ ಪುಸ್ತಕ ತೆಗೆದು ತಾಳೆ ನೋಡುತ್ತಿದ್ದಳು. ಆಟ ಮುಗಿದರೆ ಕಾಲುವೆ ದಂಡೆಯಲ್ಲಿ ಚಹಾ. ಅವಳ ಅಪ್ಪನ ಬಗ್ಗೆ ಅವನು ಒಂದು ಕೆಟ್ಟ ಮಾತೂ ಆಡಲಿಲ್ಲ. ಅದಕ್ಕೇ ಇರಬೇಕು, ಅವಳ ಬಿಗಿದ ಎದೆ ನಿಧಾನಕ್ಕೆ ಸಡಿಲವಾಯಿತು.

ಒಂದು ಸಂಜೆ ಹಂಪಿಯಲ್ಲಿ, ಹೊಳೆಯ ಮೆಟ್ಟಿಲ ಮೇಲೆ ಅವನು ಮೂರು ಸಲ ಬಾಯಿ ತೆರೆದು ಮೂರು ಸಲ ಮುಚ್ಚಿದ.

"ರೇಣುಕಾ, ನಿಮಗೊಂದು ಮಾತು ಹೇಳಬೇಕಿತ್ತು..."

"ನಾನ ಹೇಳ್ಲೇನು? ನೀವಂದ್ರ ನನಗ ಭಾಳ ಇಷ್ಟ."

ಅವನ ಕಣ್ಣು ತುಂಬಿತು. "ನನಗೂ..." ಎಂದಷ್ಟೇ ಹೇಳಿ ಹೊಳೆಯ ಕಡೆ ಮುಖ ತಿರುಗಿಸಿದ. ಹುಚ್ಚು ಹುಡುಗಿ, ಅದನ್ನು ನಾಚಿಕೆ ಎಂದುಕೊಂಡಳು!

ಚೀಟಿಗಳನ್ನು ಅವನು ಕತ್ತರಿಸುತ್ತಿದ್ದದ್ದು ಆಫೀಸಿನ ರದ್ದಿಯಿಂದ. ಒಂದು ಬದಿ ಬರೆದು ಬಿಟ್ಟ ಹಾಳೆಗಳು, ಹಿಂದಿನ ಬದಿ ಖಾಲಿ. ಒಂದು ಭಾನುವಾರ ಅವನಿನ್ನೂ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಾಗ, ಕಟ್ಟಿನಿಂದ ಒಂದು ಚೀಟಿ ಜಾರಿ ಬೋರಲು ಬಿತ್ತು. ರೇಣುಕಾ ಎತ್ತಿಕೊಂಡಳು.

'...ಹುಸೇನಪ್ಪನು ಕುಡಿದು ಬಂದಿದ್ದು, ಸೀಟಿ ಹೊಡೆದರೂ ಕೇಳದೆ ಗಾಡಿಯ ಹಿಂದೆ ಹೋದನು. ಬೇರೆ ಯಾರದೂ ತಪ್ಪಿಲ್ಲ.'

ಯಾವುದೋ ಹೇಳಿಕೆಯ ನಕಲು ಅದು, ಹಂಪೇಶನ ಅಕ್ಷರ. ಕೆಳಗೆ ಹಂಪೇಶನ ಸಹಿ. ಮೇಲಿನ ಅರ್ಧ ಯಾವ ಚೀಟಿಗೆ ಹೋಗಿತ್ತೋ, ಕಟ್ಟಿನಲ್ಲಿರಲಿಲ್ಲ.

ಅವಳು ಚೀಟಿಯನ್ನು ಅವನ ಮುಖದ ಮುಂದೆ ಹಿಡಿದಳು.

"ಯಾರ ಮಾತ್ರಿ ಇದು? ಹೇಳ್ರಿ! ಯಾರು ಹೇಳಿದ್ದು?"

ಚೀಟಿ ನೋಡಿದವನೇ ಅವನು ಗೋಡೆ ಹಿಡಿದುಕೊಂಡ.

"ನೀವೇ ಏನು? ಇಲ್ಲ ಅನ್ರಿ... ಒಂದು ಸಲ ಇಲ್ಲ ಅನ್ರಿ ಹಂಪೇಶ್, ನಂಬತೀನಿ!"

"ನನ್ನ ಏನೂ ಕೇಳಬ್ಯಾಡ್ರಿ, ರೇಣುಕಾ."

"ಥೂ! ನನ್ನ ಅಪ್ಪನ್ನ ಕುಡುಕ ಮಾಡಿ, ನನ್ನ ಜೊತಿ ಕುಂತು ಚಾ ಕುಡದ್ರೇನು?"

ಅವನು ತಲೆ ತಗ್ಗಿಸಿ ಹೊರಟುಹೋದ. ಮುಂದೆ ಯಾವ ಭಾನುವಾರವೂ ಬರಲಿಲ್ಲ.

ನಾಲ್ಕು ತಿಂಗಳು ಅವಳಿಗೆ ಅನ್ನ ಸೇರಲಿಲ್ಲ. ಸಿಟ್ಟಿನಷ್ಟೇ ಪ್ರೀತಿಯೂ ಸುಡುತ್ತಿತ್ತು, ಅದೇ ದೊಡ್ಡ ಅವಮಾನ ಅವಳಿಗೆ. ಕೊನೆಗೆ ಗಟ್ಟಿ ಮನಸ್ಸು ಮಾಡಿ ಪೊಲೀಸರಿಗೆ ದೂರು ಬರೆದಳು. ಹಂಪೇಶ್ ಸುಳ್ಳು ಹೇಳಿಕೆ ಕೊಟ್ಟಿದ್ದಾನೆ, ಶಿಕ್ಷೆ ಆಗಬೇಕು. ಅವನ ಕೆಲಸ ಹೋದರೆ ಹೋಗಲಿ!

ಆ ಹಾಳೆಯನ್ನು ಅಣ್ಣ ಪರಶುರಾಮನ ಮುಂದೆ ಹಿಡಿದಳು. ಅವನೂ ಮೊದಲು ಅದೇ ಗಣಿಯಲ್ಲಿದ್ದವನು. ಅಪ್ಪನ ಮೇಲೆ ಗಾಡಿ ಹಾಯ್ದ ಹೊತ್ತಿಗೆ ಕ್ಯಾಂಟೀನಿನಲ್ಲಿದ್ದೆ ಎಂದಿದ್ದ. ಆಮೇಲೆ ಗಣಿಯ ಕಡೆ ತಲೆ ಹಾಕಿರಲಿಲ್ಲ.

"ಮಗ ಅಂತ ನೀನೂ ಸಹಿ ಹಾಕಣ್ಣ. ಆ ಹಂಪೇಶನ್ನ ಬಿಡಬಾರದು."

ಪರಶುರಾಮ ಓದಿದ. ಪೆನ್ನು ಇಟ್ಟು, ಸುಂಕಲಮ್ಮನ ಕಾಲ ಬಳಿ ಕುಸಿದು ಕುಳಿತ.

"ಆತ ಹೇಳಿದ್ದಲ್ಲವ್ವಾ ಅದು... ಆತ ಆಫೀಸಿನ ರೀತಿಯೊಳಗ ಬರ್ಕೊಂಡಿದ್ದಷ್ಟೇ. ಹೇಳಿದ್ದು ಅಪ್ಪ!"

"ಏನಂದಿ?" ಎಂದಳು ತಾಯಿ.

"ಅವತ್ತು ಗಾಡಿ ಹಿಂದಕ್ಕ ಬರುವಾಗ ಸೀಟಿ ಹೊಡಿಯೋ ಪಾಳಿ ನಂದು. ಫೋನ್ ಬಂತು ಅಂತ ಆ ಕಡಿ ಹೋಗಿದ್ದೆ. ಅಪ್ಪ ಹಿಂದಿದ್ದದ್ದು ಡ್ರೈವರಗ ಕಾಣಲಿಲ್ಲ... ನಾನು ಜೈಲಿಗೆ ಹೋಗ್ತೀನಂತ, ಆಸ್ಪತ್ರ್ಯಾಗ ಅಪ್ಪ ತಾನೇ ಹಂಗ ಬರೆಸಿದ. ಕುಡಿದಿದ್ದೆ ಅಂತ ತನ್ನ ಮ್ಯಾಲೇ ಹಾಕ್ಕೊಂಡ. ಮಗಳಿಗೆ ಹೇಳಬ್ಯಾಡ, ಅಣ್ಣನ ಮಾರಿ ನೋಡೂದಿಲ್ಲ ಆಕಿ ಅಂತ ಆ ಗುಮಾಸ್ತನ ಕೈ ಹಿಡಿದು ಮಾತು ತಗೊಂಡ. ನಾ ಬಾಗಿಲ ಮರಿಗೆ ನಿಂತಿದ್ದೆ... ಹೇಡಿಯಂಗ ನಿಂತಿದ್ದೆ!"

ಸುಂಕಲಮ್ಮ ಎದೆ ಬಡಿದುಕೊಂಡು ಅತ್ತಳು. ರೇಣುಕಾ ಅಳಲಿಲ್ಲ. ಅಣ್ಣನ ಕೆನ್ನೆಗೆ ಒಂದು ಬಾರಿಸಿದಳು, ಮರುಕ್ಷಣ ಅವನ ತಲೆಯನ್ನು ಎದೆಗೆ ಅವಚಿಕೊಂಡಳು. ಎರಡೂ ಖರೆ, ಏನು ಮಾಡುವುದು!

ಮರುದಿನ ಬೆಳಿಗ್ಗೆ ಪರಶುರಾಮ ಯಾರೂ ಹೇಳದೆಯೇ ಅಂಗಿ ಹಾಕಿಕೊಂಡ. "ಸಂಡೂರಿಗೆ ಹೋಗಿ ಸ್ಟೇಷನ್ನಿನ್ಯಾಗ ಎಲ್ಲಾ ಹೇಳ್ತೀನಿ. ಅಪ್ಪ ಕುಡಿದಿರಲಿಲ್ಲ ಅಂತ ಬರಿಸ್ತೀನಿ. ಬರ್ತೀಯೇನವಾ?"

ಸಂಡೂರಿನಲ್ಲಿ ಬಸ್ಸಿಳಿದು ಅವಳೇ ಹಂಪೇಶನಿಗೆ ಫೋನ್ ಮಾಡಿದಳು. "ಅಣ್ಣ ಎಲ್ಲಾ ಹೇಳ್ಯಾನ" ಎಂದಳು, ಅಷ್ಟೇ. ಹತ್ತು ನಿಮಿಷದಲ್ಲಿ ಅವನು ಸ್ಟೇಷನ್ನಿನ ಮುಂದಿದ್ದ. ಬರೆದುಕೊಂಡವನಾಗಿ ಅವನ ಸಾಕ್ಷಿಯೂ ಬೇಕಿತ್ತು.

ಪರಶುರಾಮ ಒಳಗೆ ಹೋದ. ಇವರಿಬ್ಬರೂ ಹೊರಗಿನ ಬೆಂಚಿನ ಮೇಲೆ ಕುಳಿತರು, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು. ಅವನು ಸೊರಗಿ ಹೋಗಿದ್ದ.

"ಒಂದು ಮಾತು ಹೇಳಬಾರದಿತ್ತೇನ್ರಿ? ನಾ ಥೂ ಅಂದಾಗರೆ?"

"ಹೆಂಗ ಹೇಳ್ಲಿ? ಪ್ರಾಣ ಬಿಡೋ ಮನುಷ್ಯಾಗ ಮಾತು ಕೊಟ್ಟಿದ್ದೆ. ಹಂಪ್ಯಾಗ ಮೂರು ಸಲ ಹೇಳಾಕ ನೋಡ್ದೆ, ಆಗಲಿಲ್ಲ. ನೀವು ನನ್ನ ಬೈದ್ರೂ ಚಿಂತಿಲ್ಲ, ಅಣ್ಣ ಉಳೀತಾನ ಅನ್ಕೊಂಡೆ."

"ದಿನಾ ಬೈದೀನಿ."

"ಅಂದ್ರ ದಿನಾ ನೆನಸ್ಕೊಂಡೀರಿ."

ಅವಳಿಗೆ ನಗು ಬರಬೇಕಿತ್ತು, ಅಳು ಬಂತು! ಅಪ್ಪ ಹೋದಾಗಿನಿಂದ ಹಿಡಿದಿಟ್ಟಿದ್ದೆಲ್ಲ ಬಂತು. ಅವನು ಪಕ್ಕಕ್ಕೆ ಸರಿದು ಅವಳ ಕೈ ಹಿಡಿದುಕೊಂಡ. ಒಳಗೆ ಅಣ್ಣನ ದನಿ ತಡೆದು ತಡೆದು ಕೇಳುತ್ತಿತ್ತು.

"ಪೊಲೀಸ್ರು ಅಣ್ಣನ್ನ ಬಿಡೂದಿಲ್ಲಲ್ಲ ಇನ್ನ?"

"ಬಿಡೂದಿಲ್ಲ ಅನಸ್ತದ. ಸುಳ್ಳು ಹೇಳಿ ಸಮಾಧಾನ ಮಾಡೂದಿಲ್ಲ ನಾ ನಿಮಗ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ನಿಮ್ಮ ಮನ್ಯಾಗ ನನ್ನ ಒಪ್ಪತಾರೇನ್ರಿ? ಜಾತಿ ಬ್ಯಾರೆ. ಈಗ ಜೈಲಿಗೆ ಹೋಗೋನ ತಂಗಿ ಬ್ಯಾರೆ..."

"ಒಪ್ಪಲಿಕ್ಕಿಲ್ಲ."

"ಮತ್ತ?"

ಹಂಪೇಶ್ ಅವಳ ಕೈ ಬಿಡಲಿಲ್ಲ.

"ನಾ ಒಪ್ಪೀನಲ್ಲ, ರೇಣುಕಾ."