ಬಿಳಿ ಕಾಳಿನ ಗೋದಾಮು

ಕೊಕ್ಕೆಯ ತುದಿ ನನ್ನ ಕುತ್ತಿಗೆಗೆ ಒತ್ತುತ್ತಿತ್ತು.

ಅಕ್ಕಿ ಮೂಟೆ ಎಳೆಯುವ ಕಬ್ಬಿಣದ ಕೊಕ್ಕೆ. ಹಿಡಿದಿದ್ದವನು ಮುನೀಂದ್ರ, ಬಂಗಾರಪೇಟೆ ಹೊರಗಿನ ಆ ರೈಸ್ ಮಿಲ್ಲಿನ ಮೇಸ್ತ್ರಿ. ಬಾಯಲ್ಲಿ ಎಲೆಅಡಿಕೆ. ಮುಖದಲ್ಲಿ ಕೋಪ ಕೂಡ ಇರಲಿಲ್ಲ.

"ಯಾರ್ ಕಳ್ಸಿದ್ದು, ಯೋಳು!"

"ಹೊಟ್ಟೆ ಕಳ್ಸ್ತು. ಕೂಲಿಗೆ ಬಂದೆ ಕಣಣ್ಣ."

"ಸುಳ್ಳು! ಇಲ್ಲಿ ಕೂಲಿಯೋಳು ಕಲ್ಲು ಆರಿಸ್ತಾಳೇನಮ್ಮೀ?"

ನಾನು ಸಿಕ್ಕಿಬಿದ್ದದ್ದೇ ಅಲ್ಲಿ ಸಾರ್. ಮೊರ ಕೊಟ್ಟರು. ಅಕ್ಕಿ ಸುರಿದರು. ನಾನು ಮನೆಯಲ್ಲಿ ಮಾಡುವ ಹಾಗೆ ಕಲ್ಲು ಹೆಕ್ಕಿ ಪಕ್ಕಕ್ಕಿಟ್ಟೆ. ಆ ಮಿಲ್ಲಲ್ಲಿ ಕಲ್ಲು ಮುಟ್ಟುವ ಹಾಗಿಲ್ಲ... ತೂಕಕ್ಕೆ ಬರುತ್ತದೆ! ಆರಿಸಬೇಕಾದ್ದು ಬಿಳಿ ಕಾಳು ಮಾತ್ರ. ರೇಷನ್ ಅಕ್ಕಿಯಲ್ಲಿ ಅಲ್ಲೊಂದು ಇಲ್ಲೊಂದು ಇರುತ್ತದಲ್ಲ, ಸುಣ್ಣದ ಹಾಗೆ ಬೆಳ್ಳಗೆ, ನೀರಿಗೆ ಹಾಕಿದರೆ ತೇಲುತ್ತದೆ... ಅದು. ಪ್ಲಾಸ್ಟಿಕ್ ಅಂತಾರೆ. ಕೆಜಿಎಫ್‌ನಲ್ಲಿ ನಮ್ಮ ಚಾಂಪಿಯನ್ ರೀಫ್ಸ್ ಕಡೆ ಅದನ್ನು ಹೆಕ್ಕಿ ಬಿಸಾಡದೆ ಯಾವ ಹೆಂಗಸೂ ಅನ್ನಕ್ಕೆ ಇಡುವುದಿಲ್ಲ. ನಾನೂ ಇಡುವುದಿಲ್ಲ.

ದಂಧೆ ಸುಲಭ. ಬೈಕಿನವರು ಮನೆಮನೆಗೆ ಹೋಗಿ ರೇಷನ್ ಅಕ್ಕಿಯನ್ನು ಅಗ್ಗಕ್ಕೆ ಕೊಳ್ಳುತ್ತಾರೆ. ಮಿಲ್ಲಿಗೆ ತಂದು ಸುರಿಯುತ್ತಾರೆ. ಬಿಳಿ ಕಾಳು ಇದ್ದರೆ ಸರ್ಕಾರದ ಅಕ್ಕಿ ಅಂತ ಗೊತ್ತಾಗಿಬಿಡುತ್ತದೆ. ಅದನ್ನು ತೆಗೆದು, ಒಂದು ಪಾಲಿಶ್ ಕೊಟ್ಟು, ಹೊಸ ಚೀಲಕ್ಕೆ ತುಂಬಿದರೆ... ಅಂಗಡಿಯ ಸೋನಾ ಮಸೂರಿ!

ಆರಿಸುವುದಕ್ಕೆ ಮಶೀನ್ ಸಿಗುತ್ತದೆ. ಹೆಂಗಸರು ಅದಕ್ಕಿಂತ ಅಗ್ಗ.

ನನಗೆ ಅಕ್ಕಿಯ ಉಸಾಬರಿ ಬೇಕಿರಲಿಲ್ಲ. ನಾನು ಇಂದ್ರಾಣಿ. ತಾಲ್ಲೂಕು ಆಫೀಸಿನ ಮುಂದೆ ನಿಂತು ಆಗದ ಕೆಲಸ ಆಗಿಸಿಕೊಡುವವಳು. ರೇಷನ್ ಕಾರ್ಡು, ಪೆನ್ಷನ್, ಓಡಿಹೋದ ಗಂಡ... ಫೀಸು ಕೊಟ್ಟರೆ ಎಲ್ಲ ಹುಡುಕಿಕೊಡುತ್ತೇನೆ. ಹಿಂದಿನ ದಿನ ಮಾರಿಯಮ್ಮ ಬಂದು ನನ್ನ ಮುಂದೆ ಕುಸಿದು ಕೂತಿದ್ದಳು. ಗಣಿ ಕ್ವಾರ್ಟರ್ಸಿನ ನಮ್ಮ ಲೈನಿನವಳೇ. ಗಂಡ ಗಣಿಯಲ್ಲಿದ್ದ. ಈಗ ಗಣಿಯೂ ಇಲ್ಲ, ಗಂಡನೂ ಇಲ್ಲ.

"ಮಗ್ಳು ಲಿಖಿತ ಕೆಲ್ಸಕ್ಕೋದೋಳು ಬಂದೇ ಇಲ್ಲ ಇಂದ್ರಾಣಮ್ಮಾ. ತುಂಬಿದ ಬಸುರಿ..."

"ಎಲ್ಲಿ ಕೆಲ್ಸ?"

"ಬಂಗಾರಪೇಟೆ ಮಿಲ್ಲು. ಲೋಡು ಮುಗಿಯೋಗಂಟ ಬಾಗ್ಲು ತೆಗ್ಯಲ್ವಂತೆ. ಫೋನೂ ಕಿತ್ಕೊಂಡವ್ರೆ. ಅವ್ಳಿಗೆ ಮೈಯಾಗೆ ರಕ್ತಾನೇ ಇಲ್ಲ, ಬೇಗ ಅಡ್ಮಿಟ್ ಮಾಡು ಅಂದವ್ರೆ ಡಾಕ್ಟ್ರಮ್ಮ. ನೋವು ಬರೋಕ್ ಮುಂಚೆ ರಕ್ತ ಏರಿಸ್ದಿದ್ರೆ ತಾಯೀನೂ ಕಷ್ಟ, ಮಗೂನೂ ಕಷ್ಟ ಅಂತ..."

"ಸ್ಟೇಷನ್ನಿಗೆ ಓಗ್ಲಿಲ್ವಾ?"

"ಓದೆ. ನಾಳೆ ಬಾ ಅಂದ್ರು."

ಅವಳು ಅತ್ತಳು. ನನಗೆ ಏನೂ ಅನಿಸಲಿಲ್ಲ ಸಾರ್. ಅನಿಸುವುದು ಯಾವತ್ತೋ ನಿಂತುಹೋಗಿದೆ. ಹಾಗಿದ್ದರೇ ಈ ಕೆಲಸ ನಡೆಯುವುದು.

ಹಾಗೆ ಬಂದವಳು ಈಗ ಕೊಕ್ಕೆಯ ತುದಿಯಲ್ಲಿದ್ದೆ!

ನಾಲ್ಕು ಮಾರು ಆಚೆ ಲಿಖಿತ ಕೂತಿದ್ದಳು. ತುಟಿ ಬಿಳಚಿಕೊಂಡಿತ್ತು. ಕಾಲು ಊದಿತ್ತು. ಇಷ್ಟೆಲ್ಲ ಗಲಾಟೆ ನಡೆಯುತ್ತಿದ್ದರೂ ಅವಳ ಬೆರಳು ಮೊರದ ಮೇಲೆ ಓಡಾಡುತ್ತಲೇ ಇತ್ತು.

ಮುನೀಂದ್ರ ಎಡಗೈಯಲ್ಲಿ ಜೇಬಿನಿಂದ ಫೋನ್ ತೆಗೆದ. ಓನರಿಗೆ ಹೇಳಬೇಕಲ್ಲ. ನಂಬರ್ ಒತ್ತುವುದಕ್ಕೆ ಕಣ್ಣು ಕೆಳಗೆ ಮಾಡಿದ.

ಅಷ್ಟು ಸಾಕಿತ್ತು.

ಅವನ ಮಣಿಕಟ್ಟು ಕಚ್ಚಿದೆ. ಕೊಕ್ಕೆ ನನ್ನ ಕೈಗೆ ಬಂತು!

"ಅಯ್ಯೋ ನಿನ್ ಮನೆ ಹಾಳಾಗ!"

ಅವನ ಬೆನ್ನ ಹಿಂದೆ ಮೂಟೆಗಳ ಅಟ್ಟಿ, ಸೂರಿನವರೆಗೆ. ನುಗ್ಗಿ ಹೋಗಿ ತಳದ ಮೂಟೆಗೆ ಕೊಕ್ಕೆ ಹಾಕಿ ಸೀಳಿದೆ. ಅಕ್ಕಿ ಸುರಿಯಿತು. ಅಟ್ಟಿ ವಾಲಿತು...

"ಲೇ! ಬ್ಯಾಡ ಕಣೇ!"

ದಬದಬ ಅಂತ ಬಿದ್ದವು. ಮುನೀಂದ್ರನ ಸೊಂಟದ ಕೆಳಗಿನ ಭಾಗ ಕಾಣಿಸಲಿಲ್ಲ. ಬಾಯಿ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತಿತ್ತು.

"ಲಿಖಿತಾ! ಎದ್ದೇಳೇ! ನಿಮ್ಮಮ್ಮ ಕಳ್ಸವ್ಳೆ!"

ಅವಳು ತಲೆಯೆತ್ತಿ ನನ್ನನ್ನು ನೋಡಿದಳು.

"ಈ ಮೊರ ಮುಗೀಲಿಲ್ಲಕ್ಕಾ..."

ರಟ್ಟೆ ಹಿಡಿದು ಎಬ್ಬಿಸಿದೆ. ಲೋಡು ಮಾಡುವುದಕ್ಕೆ ಹಿಂದಿನ ಬಾಗಿಲು ತೆರೆದಿತ್ತು. ಹೊರಗೆ ಟಾಟಾ ಏಸ್. ಡ್ರೈವರ್ ಟೀಗೆ ಹೋಗಿದ್ದ, ಕೀ ಅಲ್ಲೇ ನೇತಾಡುತ್ತಿತ್ತು. ಉಳಿದ ಹೆಂಗಸರು ಸೆರಗು ಬಿಗಿದು ಹೊಲದ ಕಡೆ ಓಡಿದರು. ನಾನು ಲಿಖಿತಳನ್ನು ಕ್ಯಾಬಿನ್ನಿಗೆ ತುರುಕಿ ಗಾಡಿ ಬಿಟ್ಟೆ.

ಕೆಜಿಎಫ್ ರೋಡು. ಬಿಸಿಲು ನೆತ್ತಿಯ ಮೇಲೆ. ಅವಳು ಒಂದೊಂದು ಹಂಪ್‌ಗೂ ಹೊಟ್ಟೆ ಹಿಡಿದುಕೊಳ್ಳುತ್ತಿದ್ದಳು.

"ನೋವೇನೇ?"

"ಇನ್ನೂ ಇಲ್ಲಕ್ಕಾ. ತಲೆ ತಿರುಗ್ತದೆ."

ಕನ್ನಡಿ ನೋಡಿದೆ. ಬುಲೆಟ್ ಬೈಕು! ಮೈಯೆಲ್ಲ ತೌಡು ಮೆತ್ತಿಕೊಂಡ ಮುನೀಂದ್ರ. ಕೈಯಲ್ಲಿ ರಾಡು. ಮೂಟೆ ಕೆಳಗಿನಿಂದ ಇಷ್ಟು ಬೇಗ ಎದ್ದುಬಂದನಲ್ಲ ಪುಣ್ಯಾತ್ಮ!

ಫಟ್!

ಹಿಂದಿನ ಲೈಟು ಹೋಯಿತು. ಲಿಖಿತ ಕಿರುಚಲೂ ಇಲ್ಲ. ಕಿರುಚುವ ಶಕ್ತಿ ಬೇಕಲ್ಲ.

"ಕಾಲ್ ಹತ್ರ ಚೀಲ ಅವೆ ನೋಡು. ಬಿಚ್ಚಿ ರೋಡಿಗೆ ಸುರಿ!"

"ಇದು ಅಕ್ಕಿ ಕಣಕ್ಕಾ..."

"ಸುರಿಯೇ!"

"ಅನ್ನ ಅಕ್ಕಾ ಇದು! ರೋಡಲ್ಲಿ ಜನ ತುಳೀತಾರೆ. ನಾನ್ ಸುರಿಯಲ್ಲ!"

"ಜೀವ ಓಗ್ತದೆ ಕಣೇ!"

"ಓಗ್ಲಿ! ಅನ್ನ ಮಾತ್ರ ಬ್ಯಾಡ!"

ರಾಡು ಈಗ ನನ್ನ ಪಕ್ಕದ ಕನ್ನಡಿ ಒಡೆಯಿತು. ಇನ್ನೊಂದು ಏಟಿಗೆ ನನ್ನ ತಲೆ.

"ಅಕ್ಕಾ, ಈ ಇನ್ನೊಂದ್ ಚೀಲದಾಗೆ ಬಿಳಿ ಕಾಳು ಅವೆ. ನಾವ್ ಆರಿಸಿದ್ದು. ಹಳ್ಳಕ್ಕೆ ಸುರಿಯಕ್ಕೆ ಇಟ್ಟವ್ರೆ."

"ಪ್ಲಾಸ್ಟಿಕ್ ತಾನೇ! ಅದನ್ನೇ ಎಸಿ!"

ಈಗ ಅವಳಿಗೆ ಏನೂ ಅಡ್ಡಿಯಿರಲಿಲ್ಲ. ಹಲ್ಲಿನಲ್ಲಿ ದಾರ ಕಿತ್ತಳು. ನಾನು ಸ್ಟೇರಿಂಗ್ ಬಲಕ್ಕೆ ಎಳೆದೆ, ಬುಲೆಟ್ಟು ಹಿಂದೆ ಸರಿದು ಅವಳ ಕಡೆಗೆ ಬಂತು. ಅವಳು ಚೀಲವನ್ನು ಕಿಟಕಿಯಲ್ಲಿ ಬಾಗಿಸಿದಳು. ಬಿಳಿ ಕಾಳು ಡಾಂಬರಿನ ಮೇಲೆ ಜರ್ರನೆ ಹರಡಿತು. ಬುಲೆಟ್ಟಿನ ಚಕ್ರ ಅದರ ಮೇಲೆ ಹತ್ತಿದ್ದೇ ತಡ... ಬೈಕು ಒಂದು ಕಡೆ, ಮುನೀಂದ್ರ ಒಂದು ಕಡೆ! ಕಾಲು ಹಿಡಿದುಕೊಂಡು ಮೋರಿಯಲ್ಲಿ ಎದ್ದು ಕೂತು ತೆಲುಗಿನಲ್ಲಿ ನಮ್ಮ ವಂಶವನ್ನೆಲ್ಲ ಬೈಯುತ್ತಿದ್ದ.

ಲಿಖಿತ ನಕ್ಕಳು. ಆವತ್ತು ಅವಳು ನಕ್ಕದ್ದು ಅದೊಂದೇ ಸಲ.

ಸರ್ಕಾರಿ ಆಸ್ಪತ್ರೆ ಸೇರಿದೆವು. ಸ್ಟ್ರೆಚರ್ ಬಂತು. ಮಾರಿಯಮ್ಮ ಬಂದಳು. ಡಾಕ್ಟ್ರಮ್ಮ ಲಿಖಿತಳ ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿ, ನರ್ಸಿನ ಕಡೆ ತಿರುಗಿ ಎರಡೇ ಮಾತು ಹೇಳಿದರು. ರಕ್ತದ ಚೀಲ ತೂಗುಹಾಕಿದರು. ಹನಿಹನಿಯಾಗಿ ಇಳಿಯತೊಡಗಿತು.

"ಸರಿಯಾದ ಟೈಮಿಗೆ ತಂದ್ರಿ. ಇಬ್ಬರೂ ಉಳೀತಾರೆ ಅನ್ಕೊಂಡಿದ್ದೀನಿ. ಎಲ್ಲಿದ್ದಳು ಇವಳು?"

ಹೇಳಿದೆ. ಮಿಲ್ಲು, ಮೊರ, ಬಿಳಿ ಕಾಳು, ರೋಡು... ಎಲ್ಲ. ರೋಡಿನ ಭಾಗ ಸ್ವಲ್ಪ ಜಂಭದಿಂದಲೇ ಹೇಳಿದೆ ಅನ್ನಿ.

ಡಾಕ್ಟ್ರಮ್ಮ ನಗಲಿಲ್ಲ.

"ಅದು ಪ್ಲಾಸ್ಟಿಕ್ ಅಲ್ಲ ಇಂದ್ರಾಣಿ."

"ಮತ್ತೆ?"

"ಅದೂ ಅಕ್ಕೀನೇ. ಅಕ್ಕಿ ಹಿಟ್ಟಿಗೆ ಕಬ್ಬಿಣದ ಅಂಶ ಬೆರೆಸಿ ಕಾಳಿನ ಥರ ಒತ್ತಿರೋದು. ಇವಳ ಥರ ರಕ್ತ ಇಲ್ಲದೋರಿಗೇ ಅಂತ ಸರ್ಕಾರ ಸೇರಿಸೋದು. ನಿಮಗೆ ಯಾರೂ ಹೇಳಲಿಲ್ವಾ?"

ಯಾರು ಹೇಳ್ತಾರೆ ಸಾರ್? ಅಂಗಡಿಯವನು ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾನೆ, ಅಳೆಯುತ್ತಾನೆ, ಮುಂದಿನವರು ಬನ್ನಿ ಅನ್ನುತ್ತಾನೆ. ನಾನು ಮಂಚದ ಕಡೆ ತಿರುಗಿ ನೋಡಿದೆ. ಅಲ್ಲಿ ಮಲಗಿದ್ದವಳು ತನಗೆ ಬೇಕಾಗಿದ್ದನ್ನೇ ಕಾಳುಕಾಳಾಗಿ ಹೆಕ್ಕಿ ಬಿಸಾಡುವುದಕ್ಕೆ ಕೂಲಿ ಪಡೆಯುತ್ತಿದ್ದಳು. ನಾನು ಅದನ್ನು ರೋಡಿಗೆ ಸುರಿಸಿ ಬಂದಿದ್ದೆ. ಎದೆಯಲ್ಲಿ ಏನಾದರೂ ಆಗಬೇಕಿತ್ತು. ಆಗಲಿಲ್ಲ.

ಆಹಾರ ಇಲಾಖೆಯವರಿಗೆ ಫೋನ್ ಮಾಡಿದೆ. ಮಿಲ್ಲಿಗೆ ಹೋಗಿ ಬಂದು ಅವರೇ ವಾಪಸ್ ಫೋನ್ ಮಾಡಿದರು.

"ಗೋದಾಮು ಗುಡಿಸಿ ಒರೆಸಿಬಿಟ್ಟವ್ರಮ್ಮ. ನಿಮ್ ಗಾಡೀಲಿರೋದು ರೇಷನ್ ಅಕ್ಕಿ ಅನ್ನೋಕೆ ಗುರುತೇನಿದೆ? ಬಿಳಿ ಕಾಳಿದೆಯಾ?"

"ಇತ್ತು ಸಾರ್."

ಫೋನ್ ಇಟ್ಟೆ.

ಒಳಗೆ ಡಾಕ್ಟ್ರಮ್ಮ ಮಾರಿಯಮ್ಮನಿಗೆ ತಿಳಿಹೇಳುತ್ತಿದ್ದರು. "ಮಾತ್ರೆ ತಪ್ಪಿಸ್ಬೇಡಿ. ಸೊಪ್ಪು, ಮೊಟ್ಟೆ ಕೊಡಿ. ಮನೇಲಿ ರೇಷನ್ ಅಕ್ಕಿ ಇದ್ಯಲ್ಲ? ಇನ್ಮೇಲೆ ಏನೂ ಹೆಕ್ಕದೆ ಹಾಗೇ ಬೇಯಿಸಿ ಹಾಕಿ."

"ಅಕ್ಕಿ ಇಲ್ಲ ಡಾಕ್ಟ್ರಮ್ಮ. ಈ ತಿಂಗಳ್ದು ಅಷ್ಟೂ ನೆನ್ನೆ ಬೈಕ್‌ನೋನಿಗೆ ಮಾರ್ಬುಟ್ಟೆ."

"ಯಾಕಮ್ಮಾ? ಅಂಥದ್ದೇನು ಅವಸರ?"

ಮಾರಿಯಮ್ಮ ನನ್ನ ಕಡೆ ನೋಡಿದಳು. ಅವಳ ನೋಟದಲ್ಲಿ ಬೈಗುಳ ಇರಲಿಲ್ಲ. ಉಪಕಾರ ನೆನೆಯುವ ನೋಟ ಅದು.

"ಇಂದ್ರಾಣಮ್ಮಂಗೆ ಫೀಸು ಕೊಡ್ಬೇಕಾಗಿತ್ತಲ್ಲ..."

ಆ ದುಡ್ಡಲ್ಲಿ ನಾನು ಬೆಳಿಗ್ಗೆ ಬಂಗಾರಪೇಟೆಯಲ್ಲಿ ಬಿರಿಯಾನಿ ತಿಂದಿದ್ದೆ ಸಾರ್. ಚೆನ್ನಾಗಿತ್ತು.