ಕೆಂಪು ಕಾರ್ಡು ಬೇಡಿ ಪಡೆದವನು

"ಅಂಗಡಿ ಮುಚ್ಚಿದೆ," ಎಂದಳು ಅವಳು.

ಬೆಳಗಿನ ಹನ್ನೊಂದು ಗಂಟೆ. ಬಾಗಿಲು ಹಾರು ಹೊಡೆದಿತ್ತು, ಕೈಯಲ್ಲಿ ಇಸ್ತ್ರಿಪೆಟ್ಟಿಗೆ ಕಾದಿತ್ತು. ಆದರೂ ಹಾಗೆಂದಳು. ಎದುರಿಗೆ ನಿಂತವನನ್ನು ಕಂಡೇ ಅವಳ ಮೈ ಉರಿದುಹೋಗಿತ್ತು.

"ಐದು ನಿಮಿಷ ಮಾತಾಡ್ಬೇಕು..."

"ನಿಮ್ಮ ದೆಸೆಯಿಂದ ಎರಡು ವರ್ಷ ಊರವರ ಮಾತು ಕೇಳಿದ್ದೀನಿ. ಸಾಕು."

ಎರಡು ವರ್ಷದ ಹಿಂದೆ ಅವನು ಊರಿನ ಕ್ಲಬ್ಬಿನ ಕಣ್ಮಣಿ, ಹೆಸರಾಂತ ಫುಟ್‌ಬಾಲ್ ಆಟಗಾರ. ಅವಳು ರೆಫರಿ. ಯುದ್ಧ ಶುರುವಾದಾಗ ಕ್ಲಬ್ಬಿನ ಆಟಗಾರರಿಗೆ ಸೈನ್ಯದಿಂದ ವಿನಾಯಿತಿ ಸಿಕ್ಕಿತ್ತು, ಆಡುತ್ತಿರುವ ತನಕ ಮಾತ್ರ. ಆ ದಿನಗಳಲ್ಲೇ ಒಂದು ಪಂದ್ಯದ ನಡುವೆ, ಕಾರಣವೇ ಇಲ್ಲದೆ, ಅವನು ಅವಳನ್ನು ತಳ್ಳಿದ. ಬಿದ್ದವಳು ಎದ್ದು ಕೆಂಪು ಕಾರ್ಡು ತೋರಿಸಿದಳು. ಆಟದ ಭರದಲ್ಲಿ ಆದದ್ದೆಂದು ಒಂದು ವರ್ಷ ನಿಷೇಧ, ವಿನಾಯಿತಿ ರದ್ದು. ತಿಂಗಳೊಳಗೆ ಅವನು ಗಡಿಯಲ್ಲಿದ್ದ.

ಊರು ಅವಳನ್ನು ಸುಮ್ಮನೆ ಬಿಟ್ಟೀತೇ? ಮೈ ತಾಕಿದ್ದಷ್ಟೇ, ತಾನಾಗಿ ಬಿದ್ದು ನಮ್ಮ ಹುಡುಗನನ್ನು ಸಾವಿನ ಬಾಯಿಗೆ ನೂಕಿದವಳು ಎಂದಿತು. ಕಿಟಕಿಗೆ ಕಲ್ಲು ಬಿತ್ತು. ಊರಿನ ಒತ್ತಡಕ್ಕೆ ಮಣಿದು ಫುಟ್‌ಬಾಲ್ ಸಂಘ ಅವಳನ್ನು ರೆಫರಿ ಪಟ್ಟಿಯಿಂದಲೇ ಕಿತ್ತುಹಾಕಿತು. ಕೊನೆಗೆ ಅಕ್ಕನ ಇಸ್ತ್ರಿ ಅಂಗಡಿಯೇ ಗತಿಯಾಯಿತು.

ಯಾರಿಗೂ ಹೇಳದ ಸಂಕಟ ಇನ್ನೊಂದಿತ್ತು. ಅವಳಿಗೆ ಅವನೆಂದರೆ ಮೊದಲಿನಿಂದಲೂ ಇಷ್ಟ. ದಿನವೂ ಪೇಪರಿನಲ್ಲಿ ಸತ್ತವರ ಪಟ್ಟಿಯನ್ನು ಜೀವ ಕೈಯಲ್ಲಿ ಹಿಡಿದು ಓದುತ್ತಿದ್ದಳು.

"ಅವತ್ತು ಬೇಕಂತಲೇ ತಳ್ಳಿದೆ," ಎಂದ ಅವನು.

"ಏನಂದ್ರಿ?"

"ನನ್ನ ತಮ್ಮ ಗಡೀಲಿದ್ದ. ಅವನ ಹತ್ರ ಹೋಗ್ತೀನಿ ಅಂತ ಮೂರು ಸಲ ಕೇಳಿದೆ, ಕ್ಲಬ್ಬಿನವರು ಬಿಡ್ಲಿಲ್ಲ. ನಿಷೇಧ ಆದ್ರೆ ಹೋಗ್ಬಹುದಿತ್ತು."

"ಬೇರೆ ರೆಫರಿ ಸಿಗ್ಲಿಲ್ವಾ ನಿಮಗೆ?"

"ಬೇರೆಯವರು ನನ್ನ ಮುಖ ನೋಡಿ ಬಿಟ್ಟುಬಿಡ್ತಿದ್ರು. ನೀವು ಬಿಡಲ್ಲ ಅಂತ ಗೊತ್ತಿತ್ತು."

'ಅಂದರೆ ನನ್ನ ಪ್ರಾಮಾಣಿಕತೆಯೇ ಇವನಿಗೆ ಟಿಕೆಟ್ಟಾಯಿತೇ...' ಕೆನ್ನೆಗೆ ಬಾರಿಸಿಬಿಡೋಣ ಎನ್ನಿಸಿತು ಅವಳಿಗೆ.

"ಲೇ, ಅಂಗಿ ಸುಟ್ಟ ವಾಸನೆ ಬರ್ತಿದೆ ನೋಡೇ," ಎಂದಳು ಅಕ್ಕ ಒಳಗಿನಿಂದ. "ಯಾರದು ಗಿರಾಕಿ?"

"ಗಿರಾಕಿ ಅಲ್ಲ, ಗ್ರಹಚಾರ." ಅವಳು ಇಸ್ತ್ರಿಪೆಟ್ಟಿಗೆ ಎತ್ತಿಟ್ಟಳು. "ನಿಮ್ಮ ತಮ್ಮ?"

"ನಾನು ತಲುಪೋ ಹೊತ್ತಿಗೆ... ಇರ್ಲಿಲ್ಲ."

ಅವನು ಕೌಂಟರಿನ ಮೇಲೆ ಒಂದು ಕಾಗದ ಇಟ್ಟ.

"ಸಂಘಕ್ಕೆ ಬರೆದಿದ್ದೀನಿ. ಇದನ್ನ ಕೊಟ್ರೆ ನಿಮ್ಮ ಕೆಲಸ ವಾಪಸ್ ಸಿಗುತ್ತೆ."

"ನಿಮಗೇನಾಗುತ್ತೆ?"

"ರೆಫರಿ ಮೇಲೆ ಬೇಕಂತ ಕೈ ಮಾಡಿದ್ರೆ ಜೀವನಪೂರ್ತಿ ನಿಷೇಧ."

ಯುದ್ಧ ಮುಗಿದು ಮರಳಿದ ಅವನು ಮುಂದಿನ ವಾರ ಮತ್ತೆ ಆಡುತ್ತಾನೆಂದು ಬೀದಿ ತುಂಬ ಪೋಸ್ಟರ್ ಅಂಟಿಸಿದ್ದರು.

"ಅವತ್ತು ನನ್ನ ಕೇಳ್ದೆ ನನ್ನ ಬದುಕಿಗೆ ಕೈ ಹಾಕಿದ್ರಿ. ಇವತ್ತು ದೊಡ್ಡತನ ತೋರಿಸಿ ಹೋಗೋಣ ಅಂತ ಬಂದ್ರಾ?"

"ಅದಕ್ಕೇ ಇನ್ನೂ ಕೊಟ್ಟಿಲ್ಲ. ಈ ಸಲ ಕೇಳೋಕೆ ಬಂದೆ." ಅವನು ಕಾಗದವನ್ನು ಅವಳತ್ತ ಸರಿಸಿದ. "ಗಡೀಲಿ ನನಗೆ ಒಂದು ಗೋಲೂ ನೆನಪಾಗ್ತಿರ್ಲಿಲ್ಲ. ಬಿದ್ದ ನೀವು ಎದ್ದು, ಮಂಡಿ ಕೊಡವಿ, ನನ್ನ ನಂಬರ್ ಬರ್ಕೊಂಡಿದ್ದು... ಅದೇ ಕಣ್ಮುಂದೆ ಬರ್ತಿತ್ತು. ನಿಮ್ಮನ್ನ ಪ್ರೀತಿಸ್ತೀನಿ. ಹೇಳೋ ಯೋಗ್ಯತೆ ಇಲ್ಲ ಅಂತಲೂ ಗೊತ್ತು."

ಅವಳು ಕಾಗದ ಬಿಡಿಸಿ ಮೇಲಿಂದ ಕೆಳಗಿನವರೆಗೆ ಓದಿದಳು.

"'ಲಘುವಾಗಿ ತಳ್ಳಿದೆ' ಅಂತ ಬರೆದಿದ್ದೀರಿ. ಲಘುವಾಗಿ ಅಲ್ಲ. ನಾನು ಬಿದ್ದಿದ್ದೆ."

ಪೆನ್ನು ತೆಗೆದು ಆ ಮಾತಿನ ಮೇಲೆ ಗೀಟೆಳೆದಳು. ಅಕ್ಷರಗಳು ಕಣ್ಣೀರಿನಲ್ಲಿ ಕಲಸಿಹೋದವು. ಇಷ್ಟು ದಿನ ಯಾರೊಬ್ಬರೂ ಒಪ್ಪದ ಸತ್ಯ ಅಲ್ಲಿತ್ತು, ಅವನದೇ ಕೈಬರಹದಲ್ಲಿ.

"ನಡೀರಿ. ಸಂಘದ ಆಫೀಸು ಒಂದು ಗಂಟೆಗೆ ಬಾಗಿಲು ಹಾಕುತ್ತೆ."

"ನೀವೂ ಬರ್ತೀರಾ?"

"ಒಬ್ಬರನ್ನೇ ಕಳಿಸಿದ್ರೆ ದಾರೀಲಿ ಇನ್ಯಾವುದಾದ್ರೂ ಯುದ್ಧ ಹುಡುಕ್ಕೊಂಡು ಹೋಗ್ತೀರಿ. ಇನ್ನೊಂದು ಸಲ ದಿನಾ ಪೇಪರಲ್ಲಿ ಸತ್ತವರ ಪಟ್ಟಿ ಓದೋ ಶಕ್ತಿ ನನಗಿಲ್ಲ."

ಅವನು ಅವಳನ್ನೇ ನೋಡಿದ. "ಕೋಪ... ಹೋಯ್ತಾ?"

"ಇಲ್ಲ. ಹೋಗೋಕೆ ತುಂಬಾ ವರ್ಷ ಬೇಕು," ಎಂದು ಅವಳು ಅವನ ಕೈ ಹಿಡಿದಳು. "ಪಕ್ಕದಲ್ಲೇ ಇದ್ದು ಅನುಭವಿಸಿ."